ಎದುರಿಗೆ ಬಂದು ಹೇಳಿ

ಶೆಲ್ಟರಿನ ಹೆಂಗಸು ಸ್ಟೀಲ್ ತಟ್ಟೆಗೆ ಸೌಟಿನಿಂದ ಫಟ್ಟನೆ ಬಡಿದಳು. ಸಾಲಿನಲ್ಲಿದ್ದ ನಾಯಿಗಳೆಲ್ಲ ಒಮ್ಮೆಗೇ ಎದ್ದು ಕುಣಿದವು. ಕೆಲವು ಬೊಗಳಿದವು, ಕೆಲವು ಕಂಬಿಗೆ ಮುಂಗಾಲು ಕೊಟ್ಟು ಕುಂಯ್‌ಗುಟ್ಟಿದವು. ಕೊನೆಯ ಗೂಡಿನ ಕಂದು ನಾಯಿ ಮಾತ್ರ ಬೆನ್ನು ಹಾಕಿ ಕೂತು, ಗೋಡೆಯ ಮೇಲೆ ಹತ್ತಿ ಹೋಗುತ್ತಿದ್ದ ಇರುವೆ ಸಾಲನ್ನು ನೋಡುತ್ತಲೇ ಇತ್ತು.

"ನೋಡಿದ್ರಲ್ಲಕ್ಕ? ಹುಟ್ಟು ಕಿವುಡು. ಆಮೇಲೆ ಹೇಳಲಿಲ್ಲ ಅನ್ನಬೇಡಿ. ಎರಡು ಮನೆ ನೋಡಿ ವಾಪಸ್ ಬಂದಿದೆ. ಒಬ್ಬರು, ಕರೆದ್ರೆ ಬರಲ್ಲ, ಸೊಕ್ಕಿನ ನಾಯಿ ಅಂದ್ರು. ಇನ್ನೊಬ್ಬರು ಏನೂ ಹೇಳದೆ ಗೇಟಿಗೆ ಕಟ್ಟಿ ಹೋದ್ರು."

ಮೇಷ್ಟ್ರು ಆಗಲೇ ಎದುರು ಸಾಲಿಗೆ ದಾಟಿ, ಕಿವಿ ನಿಮಿರಿದ ಒಂದು ದೊಡ್ಡ ನಾಯಿಯ ಮುಂದೆ ನಿಂತು ಸೀಟಿ ಹೊಡೆಯುತ್ತಿದ್ದರು. ಬೀದಿಯಲ್ಲಿ ಕಳ್ಳತನ ಹೆಚ್ಚಿದೆ, ಕಾವಲಿಗೊಂದು ನಾಯಿ ಬೇಕು ಎಂದು ತೀರ್ಮಾನ ಮಾಡಿದವರು ಅವರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕೆಲಸದಿಂದ ನಿವೃತ್ತಿಯಾಗಿತ್ತು, ಗಂಟಲಿಗೆ ಆಗಿರಲಿಲ್ಲ. ಮೈದಾನದ ಈ ತುದಿಯಿಂದ ಆ ತುದಿಯ ಹುಡುಗನ ಚಡ್ಡಿ ಜಾರಿಸಬಲ್ಲ ದನಿ ಎಂದು ಹೆಸರಾಗಿ, ಹುಡುಗರು ಅವರಿಗೆ 'ಮೈಕು' ಎಂದು ಹೆಸರಿಟ್ಟಿದ್ದರು.

ಅವರ ಹೆಂಡತಿ ಕೊನೆಯ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ನಾಯಿಯ ಕಣ್ಣಂಚಿಗೆ ಕಾಣುವ ಹಾಗೆ ನೆಲದ ಹತ್ತಿರ ಬೆರಳಾಡಿಸಿದಳು. ಅದು ತಿರುಗಿತು. ಅವಳು ಅಂಗೈ ಬಿಚ್ಚಿ, ಮಡಚಿ, ಎದೆಯ ಕಡೆಗೆ ಎಳೆದುಕೊಂಡಳು. ನಾಯಿ ಅವಳ ಮುಖ ನೋಡಲಿಲ್ಲ, ಕೈ ನೋಡಿತು. ಓದುವವರ ಹಾಗೆ ನೋಡಿತು. ಆಮೇಲೆ ಎದ್ದು ಬಂತು.

"ನನಗೆ ಇದೇ ಬೇಕು," ಎಂದಳು.

ಮೇಷ್ಟ್ರು ದೂರದಿಂದಲೇ ನಕ್ಕರು. "ಚೆನ್ನಾಗಿದೆ! ಕಳ್ಳ ಬಂದಾಗ ನಾವೇ ಎದ್ದು ಇದನ್ನ ಎಬ್ಬಿಸಬೇಕು. 'ಏಳಪ್ಪಾ, ಕಳ್ಳ ಬಂದಿದಾನೆ, ಸ್ವಲ್ಪ ಬೊಗಳು' ಅಂತ."

ಬೊಗಳುವುದಕ್ಕೆ ಮನೆಯಲ್ಲಿ ಆಗಲೇ ಒಬ್ಬರಿದ್ದಾರಲ್ಲ ಎಂಬ ಮಾತು ಅವಳ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಆದರೆ ಗೂಡಿನ ಮುಂದಿನಿಂದ ಏಳಲಿಲ್ಲ. ಮೇಷ್ಟ್ರು ಆ ದೊಡ್ಡ ನಾಯಿಯನ್ನು ಕೂರಿಸಿ, ಏಳಿಸಿ, ಬಾಯಿ ಬಿಡಿಸಿ ಹಲ್ಲು ನೋಡಿ ಮುಗಿಸುವಷ್ಟರಲ್ಲಿ ಅವಳು ಆಫೀಸಿಗೆ ಹೋಗಿ ತನ್ನ ಹೆಸರಲ್ಲೇ ಸಹಿ ಹಾಕಿ, ಕಂದು ನಾಯಿಯ ಹಗ್ಗ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಬೇರೆಯವರ ಎದುರಿಗೆ ಹೆಂಡತಿಯ ಜೊತೆ ವಾದಕ್ಕಿಳಿಯುವುದು ಮೇಷ್ಟ್ರಿಗೆ ಮರ್ಯಾದೆಯ ಪ್ರಶ್ನೆ. ಮನೆ ಸೇರುವವರೆಗೆ ತುಟಿ ಬಿಚ್ಚಲಿಲ್ಲ. ಸೇರಿದ ಮೇಲೆ ಮುಚ್ಚಲಿಲ್ಲ.

ಅವಳಿಗೆ ಕೈಭಾಷೆ ಹೊಸದಲ್ಲ. ಗಿರಣಿ ಮುಚ್ಚುವವರೆಗೂ ಅವಳು ಮಗ್ಗದ ಶೆಡ್ಡಿನಲ್ಲಿ ದುಡಿದವಳು. ನೂರಾರು ಮಗ್ಗಗಳ ಲಾಳಿ ಒಟ್ಟಿಗೆ ಬಡಿಯುವ ಜಾಗದಲ್ಲಿ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಹೆಂಗಸರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಎಳೆ ಕಡಿದಿದೆ, ಮೇಸ್ತ್ರಿ ಬಂದ, ಸೊಸೆ ಬಸುರಿ, ಅತ್ತೆ ರಾಕ್ಷಸಿ, ಎಲ್ಲವೂ ಬೆರಳಲ್ಲೇ. ಸಾಲು ದಾಟಿ ಹರಟೆ ಹೋಗುತ್ತಿತ್ತು, ಸಾಲು ದಾಟಿ ನಗು ಬರುತ್ತಿತ್ತು. ಸಂಜೆ ಮನೆಗೆ ಬಂದರೆ ಮಗ್ಗವಿಲ್ಲದೆಯೂ ಸದ್ದು. "ಟವಲ್ ಎಲ್ಲಿ?" "ನೀರು ಕಾದಿದ್ಯಾ?" "ಕಿವಿ ಕೇಳಲ್ವಾ ನಿನಗೆ?" ನಡುಮನೆಯಿಂದ ಒಂದು ಕೂಗು ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಅವಳ ಕಾಲು ತಾನಾಗಿಯೇ ಓಡುತ್ತಿತ್ತು. ಮಗಳೂ ಹಾಗೇ ಬೆಳೆದಳು, ಮದುವೆಯಾಗಿ ಹೋದಳು. ಯಾರಿಗೂ ಅದು ವಿಶೇಷ ಅನ್ನಿಸಿರಲಿಲ್ಲ.

ಮೊದಲ ಕೆಲವು ದಿನ ನಾಯಿ ವಾಷಿಂಗ್ ಮಷೀನಿನ ಹಿಂದೆ ಸೇರಿಕೊಂಡಿತು. ಇಟ್ಟ ಅನ್ನ ಇಟ್ಟ ಹಾಗೇ ಇರುತ್ತಿತ್ತು. ಅವಳು ಅವಸರ ಮಾಡಲಿಲ್ಲ. ತನ್ನ ಊಟದ ತಟ್ಟೆ ತಂದು ಅಲ್ಲೇ ನೆಲದ ಮೇಲೆ ಕೂತು, ನಾಯಿಯ ಕಡೆ ನೋಡದೆ ಉಂಡಳು. ಒಂದು ದಿನ ಬಟ್ಟೆ ಹಾಕಿ ಮಷೀನ್ ತಿರುಗಿಸಿದಾಗ, ಓಡಿ ಹೋಗುತ್ತದೆ ಅಂದುಕೊಂಡಿದ್ದ ನಾಯಿ ಅದರ ತಗಡಿಗೆ ಪಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿತು. ಮಷೀನಿನ ನಡುಕಕ್ಕೆ ಅದರ ಚರ್ಮ ಸಣ್ಣಗೆ ಅದುರುತ್ತಿತ್ತು. ಅವತ್ತಿನಿಂದ ಅವಳು ಒಗೆದ ಬಟ್ಟೆಯನ್ನೇ ಮತ್ತೊಮ್ಮೆ ಹಾಕಿ ತಿರುಗಿಸಿದ್ದೂ ಉಂಟು.

ಹತ್ತಿರ ಹೋಗುವ ಮುಂಚೆ ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಬಡಿಯುತ್ತಿದ್ದಳು. ನೆಲ ಹೇಳಿದ್ದು ಅದಕ್ಕೆ ತಿಳಿಯುತ್ತಿತ್ತು. ತಿರುಗಿ ನೋಡಿದ ಮೇಲೆ ಅಂಗೈ ತೋರಿಸಬೇಕು, ಮೂಸಲು ಬಿಡಬೇಕು, ಆಮೇಲೆ ಮುಟ್ಟಬೇಕು. ಅಂಗೈ ಕೆಳಗೆ ಮಾಡಿದರೆ ಕೂರು, ಎದೆಗೆ ಎಳೆದುಕೊಂಡರೆ ಬಾ, ಹಣೆಗೆ ಬೆರಳು ಇಟ್ಟರೆ ಅದರ ಹೆಸರು, ಯಾಕೆಂದರೆ ಅದರ ಹಣೆಯ ಮೇಲೊಂದು ಬಿಳಿ ಬೊಟ್ಟಿತ್ತು.

"ಹಿಂದಿನಿಂದ ಮುಟ್ಟಬೇಡಿ ರೀ. ಮಲಗಿರೋವಾಗಂತೂ ಬೇಡವೇ ಬೇಡ. ಬೆಚ್ಚಿಬೀಳತ್ತೆ," ಎಂದು ಗಂಡನಿಗೆ ಹೇಳಿದಳು.

"ನನ್ನ ಮನೇಲಿ ನಾಯಿ ಅಪ್ಪಣೆ ತಗೊಂಡು ಓಡಾಡ್ಲಾ ನಾನು?" ಎಂದರು ಮೇಷ್ಟ್ರು.

ಅವರ ಸಿಟ್ಟಿಗೆ ನಿಜವಾದ ಕಾರಣ ಬೇರೆ ಇತ್ತು. ಅವರು ಗುಡುಗಿದಾಗ ಮನೆಯಲ್ಲಿ ಪಾತ್ರೆ ಕೂಡ ಜಾಗ ಬಿಟ್ಟು ಸರಿಯುತ್ತಿತ್ತು. ಈಗ ಅವರು ಎಷ್ಟು ಅಬ್ಬರಿಸಿದರೂ ನಡುಮನೆಯಲ್ಲಿ ಒಂದು ಜೀವ ಕಾಲು ಚಾಚಿ ಮಲಗಿರುತ್ತಿತ್ತು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಮೇಷ್ಟ್ರು ದನಿ ಏರಿಸುತ್ತಿದ್ದರು, ನಾಯಿ ಆಕಳಿಸುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅದು ಅವರ ಕುರ್ಚಿಯ ಮುಂದೆ ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು. "ಏಯ್, ಏಳು!" ಎಂದರು. "ಏಳ್ತೀಯೋ ಇಲ್ವೋ?" ಅಡುಗೆಮನೆಯಲ್ಲಿದ್ದ ಅವಳು ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಅಷ್ಟರಲ್ಲಿ ಮೇಷ್ಟ್ರು ಬಗ್ಗಿ, ನಿದ್ದೆಯಲ್ಲಿದ್ದ ನಾಯಿಯ ಕೊರಳಪಟ್ಟಿ ಹಿಡಿದು ಎಳೆದರು. ನಾಯಿ ಕಣ್ಣು ಬಿಡುವ ಮೊದಲೇ ಬಾಯಿ ಹಾಕಿತು. ಮುಂಗೈಯಲ್ಲಿ ಎರಡು ಕಡೆ ರಕ್ತ ಜಿನುಗಿತು. ಏನು ಮಾಡಿದೆನೆಂದು ಗೊತ್ತಾದ ಕೂಡಲೇ ನಾಯಿ ಬಾಲ ಮುದುರಿಕೊಂಡು ಮಷೀನಿನ ಹಿಂದೆ ನುಗ್ಗಿತು.

ಅವಳು ಗಂಡನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತುಂಬ ಹೊತ್ತು ತೊಳೆದಳು. ಮಹಡಿ ಮನೆಯ ನರ್ಸನ್ನು ಕರೆದಳು. ಆಸ್ಪತ್ರೆಗೆ ಜೊತೆಗೆ ಹೋಗಿ ಅವರಿಗೆ ಇಂಜೆಕ್ಷನ್ ಹಾಕಿಸಿದಳು. ಯಾವುದರಲ್ಲೂ ಕೊರತೆ ಮಾಡಲಿಲ್ಲ. ಮರಳಿ ಬರುವ ದಾರಿಯಲ್ಲೇ ಮೇಷ್ಟ್ರು ಶೆಲ್ಟರಿಗೆ ಫೋನ್ ಮಾಡಿದರು. "ನಾಳೆ ಬೆಳಗ್ಗೆ ಬಂದು ಎತ್ತಿಕೊಂಡು ಹೋಗಿ."

ಸಂಜೆ ಮಗಳ ಫೋನು. "ಅಮ್ಮಾ, ಕೊಟ್ಟುಬಿಡಮ್ಮ. ಅಪ್ಪನ ಸ್ವಭಾವ ನಿನಗೆ ಗೊತ್ತಿರೋದೇ ಅಲ್ವಾ? ಒಂದು ನಾಯಿಗೋಸ್ಕರ ಯಾಕೆ ರಂಪ?"

"ಅಪ್ಪನ ಸ್ವಭಾವ ಅಪ್ಪನಿಗೆ ಗೊತ್ತಾ, ಕೇಳು," ಎಂದಳು ಅವಳು. ಮಗಳು ಏನಾದರೂ ಅನ್ನುವ ಮೊದಲೇ ಫೋನ್ ಇಟ್ಟಳು.

ಬೆಳಗ್ಗೆ ವ್ಯಾನು ಬಂತು. ಶೆಲ್ಟರಿನ ಹೆಂಗಸು ಇಳಿದು ಮೇಷ್ಟ್ರ ಕೈಯ ಬ್ಯಾಂಡೇಜ್ ನೋಡಿದಳು, ಬಾಗಿಲ ಮೆಟ್ಟಿಲ ಮೇಲೆ ನಾಯಿಯ ಪಕ್ಕ ಕೂತಿದ್ದ ಅವಳನ್ನು ನೋಡಿದಳು.

"ಹೇಗೆ ಕಚ್ಚಿತಕ್ಕ?"

"ಮಲಗಿದ್ದಾಗ ಕೊರಳು ಹಿಡಿದು ಎಳೆದರೆ ನಾನೂ ಕಚ್ತೀನಿ."

ಹೆಂಗಸು ಮೇಷ್ಟ್ರ ಕಡೆ ತಿರುಗಿದಳು. "ನಾನು ಮುಚ್ಚುಮರೆ ಮಾಡಲ್ಲ. ಕಚ್ಚಿದ ನಾಯಿನ ಹಿಂದಿನ ಶೆಡ್ಡಲ್ಲಿ ಬೇರೆ ಕಟ್ಟಬೇಕು. ನಾಯಿ ಬೇಕು ಅಂತ ಬಂದವರನ್ನ ಆ ಕಡೆ ನಾವು ಕರ್ಕೊಂಡು ಹೋಗಲ್ಲ. ಅಲ್ಲಿಗೆ ಹೋದ್ರೆ ಅಲ್ಲೇ."

"ಅದು ನಿಮ್ಮ ತಲೆನೋವು," ಎಂದರು ಮೇಷ್ಟ್ರು. ಹೆಂಡತಿಯ ಕಡೆ ತಿರುಗಿ, "ಹಗ್ಗ ಕೊಡು ಅವರಿಗೆ."

ಅವಳು ಅಲುಗಲಿಲ್ಲ.

"ಹಗ್ಗ ಕೊಡು ಅಂದೆ!"

ಆ ದನಿಗೆ ಎದುರುಮನೆಯ ಕಿಟಕಿ ತೆರೆದುಕೊಂಡಿತು. ಮಹಡಿಯ ಕಟಕಟೆಗೆ ನರ್ಸು ಬಂದು ನಿಂತಳು. ವ್ಯಾನಿನ ಡ್ರೈವರ್ ಬೀಡಿ ಕೆಳಗೆ ಹಾಕಿದ. ಮದುವೆಯಾದಂದಿನಿಂದ ಆ ಕೂಗಿಗೆ ಎದ್ದು ಓಡಿದ ಕಾಲುಗಳು ಅವಳ ಅಡಿಯಲ್ಲಿ ಒಮ್ಮೆ ಬಿಗಿದವು. ಪಕ್ಕದಲ್ಲಿ ನಾಯಿ, ಗೇಟಿನ ಮೇಲೆ ಕೂತಿದ್ದ ಗುಬ್ಬಿಯನ್ನು ನೋಡುತ್ತಿತ್ತು. ಅವಳು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಕೂತಲ್ಲೇ ಇನ್ನಷ್ಟು ಗಟ್ಟಿಯಾಗಿ ಕೂತಳು.

"ಕಿರುಚಬೇಡಿ. ಇದಕ್ಕೆ ಕೇಳಲ್ಲ. ಇವತ್ತಿನಿಂದ ನನಗೂ ಕೇಳಲ್ಲ."

"ಏನಂದೆ?"

"ಇನ್ನು ಮೇಲೆ ಏನು ಹೇಳೋದಿದ್ರೂ ಎದುರಿಗೆ ಬಂದು ಹೇಳಿ. ಅಲ್ಲಿಂದ ಕೂಗಿದ್ದು ಈ ಮನೇಲಿ ಯಾರಿಗೂ ಕೇಳಲ್ಲ. ಇದು ನನ್ನ ಹೆಸರಲ್ಲಿರೋ ನಾಯಿ. ನಾನು ಕೊಡಲ್ಲ."

ದನಿ ಎತ್ತಿರಲಿಲ್ಲ ಅವಳು. ಆದರೂ ಎದುರುಮನೆಯವರೆಗೆ ಕೇಳಿಸಿತು. ಶೆಲ್ಟರಿನ ಹೆಂಗಸು ವ್ಯಾನಿನ ಕಡೆ ನಡೆಯುತ್ತ, "ಹಾಗಾದ್ರೆ ಸುಮ್ಮನೆ ಡೀಸೆಲ್ ಸುಟ್ಟೆವು, ಹತ್ತಪ್ಪಾ," ಎಂದು ಡ್ರೈವರಿಗೆ ಹೇಳಿದಳು. ಅವಳ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

"ನಾಯಿ ಇರೋ ಮನೇಲಿ ನಾನು ಒಂದು ಅಗುಳು ಮುಟ್ಟಲ್ಲ," ಎಂದು ಘೋಷಿಸಿ ಮೇಷ್ಟ್ರು ಚಪ್ಪಲಿ ಮೆಟ್ಟಿ ಹೊರಟರು. ಬೀದಿ ಕೊನೆಯ ಹೋಟೆಲಿನಲ್ಲಿ ತಿಂದು ಬಂದರು. ಹೋಟೆಲಿನ ಎಣ್ಣೆ ಅವರ ಹೊಟ್ಟೆಗೆ ಹಿಡಿಸದೆ ಮೂರನೆಯ ದಿನಕ್ಕೇ ಮುಖ ಬಾಡಿತು. ಅವಳು ಮಾಮೂಲಿನಂತೆ ಇಬ್ಬರಿಗೂ ಅಡುಗೆ ಮಾಡಿ, ಅವರ ಪಾಲನ್ನು ಮೇಜಿನ ಮೇಲೆ ಮುಚ್ಚಿಡುತ್ತಿದ್ದಳು. ಉಂಡರೆ ಉಣ್ಣಲಿ, ಬಿಟ್ಟರೆ ಬಿಡಲಿ. ಬಾ ಎಂದು ಕರೆಯಲಿಲ್ಲ. ಒಂದು ರಾತ್ರಿ ಮುಚ್ಚಿಟ್ಟ ತಟ್ಟೆ ಖಾಲಿಯಾಗಿತ್ತು. ಅವಳು ಅದನ್ನು ತೊಳೆದು ಎತ್ತಿಟ್ಟಳು.

ಆದರೆ ಕೂಗುವುದು ನಿಂತಿರಲಿಲ್ಲ. ನಡುಮನೆಯಿಂದ "ಕಾಫಿ!" ಎಂದು ಬರುತ್ತಿತ್ತು. ಅಡುಗೆಮನೆಯಿಂದ ಉತ್ತರ ಹೋಗುತ್ತಿರಲಿಲ್ಲ. "ಕಾಫೀ!" ಸ್ವಲ್ಪ ಹೊತ್ತು ಬಿಟ್ಟು, ಗೋಡೆಯ ಕ್ಯಾಲೆಂಡರ್ ಅಲ್ಲಾಡುವ ಹಾಗೆ, "ಕಾಫೀ ಅಂದೆ!"

ಒಂದು ಸಲ ಮಹಡಿಯಿಂದ ನರ್ಸು ಬಗ್ಗಿ, "ಕೇಳಿಸ್ತು ಮೇಷ್ಟ್ರೇ, ನಮ್ಮ ಮನೇಲಿ ಆಗ್ತಾ ಇದೆ, ಮೇಲೆ ಬರ್ತೀರಾ?" ಎಂದಳು. ಅಡುಗೆಮನೆಯಲ್ಲಿದ್ದ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸುತ್ತ ನಕ್ಕಳು. ನಾಯಿ ಅವಳ ಕುಲುಕುವ ಭುಜ ನೋಡಿ, ಇದು ಯಾವ ಅಪ್ಪಣೆ ಎಂದು ತಿಳಿಯದೆ, ಸುಮ್ಮನಿರಲಾಗದೆ ಕೂತಿತು, ಎದ್ದಿತು, ಮತ್ತೆ ಕೂತಿತು.

ಅವಳಿಗೂ ಸುಲಭವಾಗಿರಲಿಲ್ಲ. ಪ್ರತಿ ಕೂಗಿಗೂ ಕಾಲು ಏಳುತ್ತಿತ್ತು. ಒಲೆಯ ಕಟ್ಟೆ ಹಿಡಿದು ನಿಲ್ಲುತ್ತಿದ್ದಳು, ಕೂಗು ತಣಿಯುವವರೆಗೆ. ಮಗ್ಗದ ಶೆಡ್ಡಿನಲ್ಲಿ ಅಷ್ಟು ಸದ್ದಿನ ನಡುವೆಯೂ ನೆಮ್ಮದಿಯಿಂದ ನಿಂತಿದ್ದೆನಲ್ಲ, ಇದೂ ಅದೇ ಅಂದುಕೊಳ್ಳಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಕೂಗು ಕೇಳಲಿಲ್ಲ. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ನಾಯಿ ಅವಳ ಕಡೆ ಮುಖ ಮಾಡಿ ಹೊಸ್ತಿಲಿಗೆ ಅಡ್ಡವಾಗಿ ಮಲಗಿತ್ತು. ಮೇಷ್ಟ್ರು ಬಂದು ಅದರ ಬೆನ್ನ ಹಿಂದೆ ನಿಂತರು. ದಾಟಲು ಒಂದು ಕಾಲು ಎತ್ತಿದರು, ಇಳಿಸಿದರು. ಬ್ಯಾಂಡೇಜ್ ಬಿಚ್ಚಿದ ಕೈಯನ್ನು ಇನ್ನೊಂದು ಕೈಯಿಂದ ಸವರಿಕೊಂಡರು. ಅವಳು ನೋಡಿಯೂ ನೋಡದವಳ ಹಾಗೆ ಬಟಾಣಿಯ ಸಿಪ್ಪೆ ಬಿಡಿಸುತ್ತಿದ್ದಳು. ಅವರು ತಿರುಗಿ ಹೋದರು. ಮುಂಬಾಗಿಲು ತೆರೆದ ಸದ್ದಾಯಿತು. ಮನೆಯನ್ನು ಸುತ್ತು ಹಾಕಿಕೊಂಡು, ಬಟ್ಟೆ ಒಣಗಲು ಹಾಕಿದ ತಂತಿಯ ಕೆಳಗೆ ಬಗ್ಗಿ, ಅವರು ಹಿತ್ತಲ ಬಾಗಿಲಿನಿಂದ ಅಡುಗೆಮನೆಯೊಳಗೆ ಬಂದರು. ನಾಯಿಯ ಮುಖದ ಎದುರಿಗೆ.

ನಾಯಿ ತಲೆ ಎತ್ತಿತು. ಮೇಷ್ಟ್ರು ಕದ ಹಿಡಿದುಕೊಂಡು, ಮಂಡಿ ಕಟಕಟ ಎನ್ನಿಸುತ್ತ ಕೂತರು. ಅಂಗೈ ಚಾಚಿದರು. ನಾಯಿ ಬಹಳ ಹೊತ್ತು ಆ ಕೈಯನ್ನು ನೋಡಿತು. ಕತ್ತು ಚಾಚಿ ಒಂದು ಸಲ ಮೂಸಿತು. ಬಾಲ ಅಲ್ಲಾಡಿಸಲಿಲ್ಲ. ಗುರ್ರೆನ್ನಲೂ ಇಲ್ಲ. ಗಲ್ಲವನ್ನು ಮತ್ತೆ ಹೊಸ್ತಿಲ ಮೇಲೆ ಇಟ್ಟುಕೊಂಡಿತು.

ಅವರು ಅವಳ ಕಡೆ ತಿರುಗಿದರು. ಗಂಟಲು ಸರಿಮಾಡಿಕೊಂಡರು. ಬಂದ ದನಿ ಎಷ್ಟು ಸಣ್ಣದಿತ್ತೆಂದರೆ ಅದು ತಮ್ಮದೋ ಅಲ್ಲವೋ ಎಂಬ ಅನುಮಾನ ಅವರ ಮುಖದಲ್ಲೇ ಕಂಡಿತು.

"ಕಾಫಿ ಸಿಗತ್ತಾ?"

ಅವಳು ಕೈಯಲ್ಲಿದ್ದ ಬಟಾಣಿಯನ್ನು ಬಟ್ಟಲಿಗೆ ಉದುರಿಸಿದಳು.

"ಹಾಲು ಕಾಸಿಟ್ಟಿದೀನಿ. ಪುಡಿ, ಸಕ್ಕರೆ ಎರಡೂ ಆ ಮೇಲಿನ ಕಪಾಟಿನಲ್ಲಿವೆ. ನನಗೂ ಒಂದು ಲೋಟ ಮಾಡಿ."

ಮೇಷ್ಟ್ರ ಬಾಯಿ ತೆರೆಯಿತು. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡಿತು. ಅವರು ಎದ್ದು, ಕಪಾಟಿನ ಬಾಗಿಲು ತೆರೆದು, ಒಂದೇ ಥರ ಕಾಣುವ ಡಬ್ಬಿಗಳ ಸಾಲಿನ ಮುಂದೆ ನಿಂತರು. ಯಾವುದು ಯಾವುದೆಂದು ಅವಳು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಒಂದು ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಮೂಗಿನ ಹತ್ತಿರ ತಂದು ಮೂಸಿದರು. ಮುಚ್ಚಿಟ್ಟು ಇನ್ನೊಂದನ್ನು ಇಳಿಸಿದರು.