ಡ್ರೈಲಿಂಗರ ಅನುಮಾನ

ಎಲ್ಡನ್ ಡ್ರೈಲಿಂಗ್ ಅವರು ಯಾರ ಕೈ ಕುಲುಕುವಾಗಲೂ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ. ಅವರ ಇನ್ನೊಂದು ಕೈ ಏನು ಮಾಡುತ್ತಿದೆಯೆಂದು ನೋಡುತ್ತಿದ್ದರು. ಕಾನ್ಸಾಸ್ ರಾಜ್ಯದ ಶಾಸನಸಭೆಯಲ್ಲಿ ನಮ್ಮ ಗೋಧಿಸೀಮೆಯನ್ನು ಎರಡು ದಶಕ ಪ್ರತಿನಿಧಿಸಿದ ಅವರು ಅದಕ್ಕೂ ಮೊದಲು ದನದ ಡಾಕ್ಟರು. ಒದೆಯುವ ಹಸುವಿನ ಹಿಂದೆ ಹಾದುಹೋಗುವವರಂತೆ ಒಂದು ಭುಜ ಮುಂದೆ ಮಾಡಿ ಓರೆಯಾಗಿ ಇಡುವ ಹೆಜ್ಜೆಯನ್ನೂ, ಔಷಧದ ಘಾಟು ಎಂದೂ ಆರದ ಕಂದು ಕೋಟನ್ನೂ ರಾಜಧಾನಿ ಟೊಪೀಕಾದ ಅಮೃತಶಿಲೆಯ ಮೊಗಸಾಲೆಗಳಿಗೆ ಹಾಗೆಯೇ ಕೊಂಡೊಯ್ದಿದ್ದರು. "ಹಸು ಸುಳ್ಳು ಹೇಳಲ್ಲ, ಮಾರೋನು ಹೇಳ್ತಾನೆ" ಎನ್ನುತ್ತಿದ್ದರು. ಊರಿನ ವಾರಪತ್ರಿಕೆ ನಡೆಸುತ್ತಿದ್ದ ನನ್ನನ್ನು ಮಾರುವವರ ಸಾಲಿಗೇ ಸೇರಿಸಿದ್ದರು.

ಅವರು ನಂಬಿದ್ದು ಆರ್ಡಿತ್ ಕಾರ್ಲಿನ್ ಒಬ್ಬಳನ್ನೇ. ಶಾಲೆಯ ಗ್ರಂಥಾಲಯದಿಂದ ನಿವೃತ್ತಳಾದ ಈ ವಿಧವೆ ಅವರ ಎಲ್ಲ ಚುನಾವಣೆಗಳನ್ನೂ ತನ್ನ ಅಡುಗೆಮನೆಯಿಂದಲೇ ನಡೆಸಿದ್ದಳು.

ಒಂದು ಚಳಿಗಾಲ ಹಳ್ಳಿರಸ್ತೆಗಳ ದುರಸ್ತಿಗೊಂದು ಮಸೂದೆ ಬಂತು. ಕುಸಿದಿದ್ದ ನಮ್ಮ ಹಳ್ಳದ ಸೇತುವೆಯೂ ಅದರಲ್ಲಿತ್ತು. "ಎಲ್ಲರೂ ಒಪ್ಪಿದಾರೆ ಅಂದ್ರೆ ಯಾರೂ ಓದಿಲ್ಲ ಅಂತ" ಎಂದು ಗೊಣಗುತ್ತ ಡ್ರೈಲಿಂಗರು ಓದತೊಡಗಿದರು. ಮಸೂದೆಯ ಬಾಲದಲ್ಲಿ, ರಸ್ತೆಗೆ ಸಂಬಂಧವೇ ಇಲ್ಲದ ಒಂದು ಮಾತು ಮುದುಡಿ ಮಲಗಿತ್ತು: ಎಣ್ಣೆಬಾವಿಗಳಿಂದ ಬರುವ ಉಪ್ಪು ಕೊಳೆನೀರನ್ನು ಇನ್ನು ಮುಂದೆ ಊರನ್ನು ಕೇಳದೆಯೇ ನೆಲದಾಳಕ್ಕೆ ತುಂಬಬಹುದು. ನಾವು ಕುಡಿಯುವ ನೀರಿರುವುದೂ ಅದೇ ನೆಲದಲ್ಲಿ. ಸಭೆಯಲ್ಲೇ ಇದನ್ನು ಹಠಾತ್ತನೆ ಬಯಲಿಗೆಳೆಯಬೇಕೆಂದು ನಿಶ್ಚಯಿಸಿ, ಆರ್ಡಿತ್‌ಗೆ ಮಾತ್ರ ಫೋನಿನಲ್ಲಿ ತಿಳಿಸಿದರು.

ಆದರೆ ಚರ್ಚೆಯ ದಿನ ಅವರು ಮಾತಿಗೆ ಏಳುವ ಮೊದಲೇ ಅವರದೇ ಪಕ್ಷದ ನಾಯಕ ಎದ್ದು, "ಈಗ ನಮ್ಮ ಡಾಕ್ಟರು ಬಾವಿನೀರಿನ ಭೂತ ಬಿಡ್ತಾರೆ, ಹೆದರಬೇಡಿ" ಎಂದ. ಸಭೆ ನಕ್ಕಿತು. ಡ್ರೈಲಿಂಗರು ಗಂಟಲು ಕಟ್ಟುವವರೆಗೂ ಮಾತಾಡಿದರು. ಅಕ್ಕಪಕ್ಕದ ಸೀಮೆಗಳ ಸದಸ್ಯರು ಅಳುಕಿದರು. ಮಸೂದೆ ಸಮಿತಿಗೆ ಮರಳಿತು, ಅದರೊಂದಿಗೆ ಸೇತುವೆಯೂ.

ಊರಿನ ಕಾಫಿ ಅಂಗಡಿಯಲ್ಲಿ ಅವರಿಗೆ ಕೇಳಿಸುವಂತೆಯೇ ಮಾತು ಹರಿಯಿತು: "ಸೇತುವೆ ನುಂಗಿದೋರು ಬಂದ್ರು, ಜಾಗ ಬಿಡ್ರಪ್ಪ!" "ಯಾರು ಕೊಂಡ್ಕೊಂಡ್ರಂತೆ ಇವರ್ನ?"

ಅವರ ಲಕ್ಷ್ಯ ಊರಿನ ಮೇಲಿರಲಿಲ್ಲ. ನಾನು ಆರ್ಡಿತ್‌ಳ ಅಡುಗೆಮನೆಯಲ್ಲಿ ಎಲೆಕೋಸು, ಮಾಂಸ ತುಂಬಿದ ಬನ್ನು ತಿನ್ನುತ್ತಿದ್ದಾಗ ಬಂದು ಬಾಗಿಲಲ್ಲೇ ನಿಂತರು.

"ನಿನಗೊಬ್ಬಳಿಗೇ ಹೇಳಿದ್ದೆ."

"ಪೂರ್ತಿ ಹೇಳು ಎಲ್ಡನ್."

"ಅವರಿಗೆ ಮೊದಲೇ ಗೊತ್ತಿತ್ತು."

ಆರ್ಡಿತ್ ಹಿಟ್ಟಿನ ಕೈ ತೊಳೆದು, ಮೂಲೆಯಲ್ಲಿದ್ದ ಅವರ ಚುನಾವಣಾ ಫಲಕಗಳನ್ನೆಲ್ಲ ಜಗಲಿಗೆ ತಂದಿಟ್ಟಳು. "ಎತ್ಕೊಂಡು ಹೋಗು."

ಆ ಶರತ್ಕಾಲದ ಚುನಾವಣೆಯಲ್ಲಿ ಅವರು ಸೋತರು. ಮರುವರ್ಷ ಆ ಬಾಲ ಕತ್ತರಿಸಿಕೊಂಡೇ ಮಸೂದೆ ಪಾಸಾಯಿತು, ಸೇತುವೆಯೂ ಎದ್ದಿತು. ಅದರ ಉದ್ಘಾಟನೆಗೆ ಡ್ರೈಲಿಂಗರನ್ನು ಯಾರೂ ಕರೆಯಲಿಲ್ಲ.

ಸುದ್ದಿಗೆಂದು ಟೊಪೀಕಾಕ್ಕೆ ಹೋದಾಗ ಸಭಾಭವನದ ಮುದಿ ದ್ವಾರಪಾಲಕ ನನ್ನನ್ನು ತಡೆದು ನಕ್ಕ. "ನಿಮ್ಮ ಡಾಕ್ಟರಿಗೆ ಕಿವಿ ಮಂದ ಅಲ್ವಾ? ಮೊಗಸಾಲೇಲಿ ನಿಂತ್ಕೊಂಡು ಫೋನಲ್ಲಿ 'ಬಾವಿ ವಿಷ್ಯ ಯಾರಿಗೂ ಹೇಳ್ಬೇಡ ಆರ್ಡಿತ್' ಅಂತ ಕೂಗಿದ್ದು ಇಡೀ ಮಹಡಿಗೇ ಕೇಳಿಸ್ತು!"

ಊರಿಗೆ ಬಂದು ಡ್ರೈಲಿಂಗರ ಕಿವಿಯ ಬಳಿ ಇದನ್ನು ಹೇಳಿದೆ. "ನಿಮ್ಮ ಕೈಲಿ ಯಾರು ಇದನ್ನ ಹೇಳಿಸ್ತಿದಾರೆ?" ಎಂಬುದು ಅವರ ಮೊದಲ ಮಾತು. ಆಮೇಲೆ ಅವರ ಕೈ ತಾನಾಗಿ ಕಿವಿಗೆ ಹೋಯಿತು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಆರ್ಡಿತ್‌ಳ ಮನೆಗೆ ಹೊರಟಾಗ, "ನೀವೂ ಬನ್ನಿ, ಸಾಕ್ಷಿಗಿರಲಿ" ಎಂದರು. ಕ್ಷಮೆ ಕೇಳುವುದಕ್ಕೂ ಅವರಿಗೆ ಸಾಕ್ಷಿ ಬೇಕಿತ್ತು. ಜಾಲರಿಬಾಗಿಲಿನ ಆಚೆ ಅವಳು, ಈಚೆ ಟೋಪಿ ಹಿಡಿದ ಅವರು.

"ತಪ್ಪು ನಂದೇ, ಆರ್ಡಿತ್."

ಅವಳು ಅವರನ್ನೂ ನನ್ನನ್ನೂ ನೋಡಿದಳು. ಮೆಲ್ಲಗೆ ಅಂದಳು: "ಮನಸಾರೆ ಹೇಳ್ತಿದೀಯೋ, ನಾನೇನಂತೀನಿ ನೋಡೋಣ ಅಂತ ಹೇಳ್ತಿದೀಯೋ, ನಂಗೀಗ ಗೊತ್ತಾಗ್ತಿಲ್ಲ."

"ಏನಂದೆ?" ಎಂದರು ಡ್ರೈಲಿಂಗರು, ಕಿವಿ ಮುಂದೆ ಚಾಚಿ.

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಇಂಥವರಿಲ್ಲದ ಸಭೆಗಳಲ್ಲಿ ಊರುಗಳ ನೀರು ನಗುನಗುತ್ತಲೇ ಮಾರಾಟವಾಗಿಬಿಡುತ್ತದೆ. ನಾವು ಇಂದಿಗೂ ಕುಡಿಯುತ್ತಿರುವುದು ಅವರ ಅನುಮಾನ ಉಳಿಸಿಕೊಟ್ಟ ನೀರನ್ನೇ. ಆದರೆ ಶತ್ರುವಿನ ಮೇಲೆ ನೆಟ್ಟ ಕಣ್ಣನ್ನು ಮನೆಯ ಹೊಸಿಲಲ್ಲಿ ಮುಚ್ಚುವುದು ಇವರಿಗೆ ಯಾರೂ ಕಲಿಸದ ವಿದ್ಯೆ. ಲೋಕ ಇವರನ್ನು ನಂಬದಿರುವುದು ಇವರಿಗೆ ದುಃಖವೇ ಅಲ್ಲ, ಅದನ್ನು ಇವರು ಮೊದಲೇ ನಿರೀಕ್ಷಿಸಿರುತ್ತಾರೆ. ಇವರನ್ನು ನಂಬಿದ್ದ ಒಂದೇ ಒಂದು ಜೀವವೂ ಇವರಿಂದಲೇ ಅನುಮಾನ ಕಲಿತುಬಿಟ್ಟಾಗ ಮಾತ್ರ, ಇವರಿಗೆ ನಿಲ್ಲಲು ನೆಲವಿರುವುದಿಲ್ಲ.