ಕುಸುಬಿ ಎಣ್ಣೆಯ ಗಿಟಾರು

ಅಜಯಕುಮಾರ ಗಿಟಾರನ್ನು ಮಗುಚಿ, ಕುಂಬಾರನ ಅಂಗಡಿಯಲ್ಲಿ ಗಡಿಗೆ ನೋಡುವವರ ಹಾಗೆ ಬೆರಳ ಗೆಣ್ಣಿನಿಂದ ಬಡಿದ. ಆಮೇಲೆ ಆ ಬೆರಳನ್ನು ಮೂಗಿಗೆ ಹಿಡಿದ.

"ಅಕ್ಕಾ, ಇದು ಎಣ್ಣಿ ಕುಡ್ದು ಕುಂತದ ನೋಡು. ಕಟಗಿ ಪೂರಾ ಖರಾಬ್ ಆಗ್ಯಾದ. ಇದನ್ನ ಯಾರರೆ ತಗೋತಾರೇನು?"

ಸುಮ್ಮನಿರೆಂದು ಲುಂಬಿನಿ ಕಣ್ಣು ಬಿಟ್ಟಳು. ತಮ್ಮನಿಗೆ ತಿಳಿಯಲಿಲ್ಲ. ಅವರ ಊರು ದಂಡೋತಿಯಲ್ಲಿ ಎತ್ತು ಕೊಳ್ಳಲು ಹೋದವರು ಮೊದಲು ಎತ್ತಿಗೆ ಹೆಸರಿಟ್ಟು ಕೊಂಕು ತೆಗೆಯಬೇಕು. ನಡಿಗೆ ಸರಿಯಿಲ್ಲ, ಹೆಗಲು ಬಾತಿದೆ ಅನ್ನಬೇಕು. ಮಾರುವವನು ಅದಕ್ಕೆ ನಗುತ್ತಾನೆಯೇ ಹೊರತು ಸಿಟ್ಟಾಗುವುದಿಲ್ಲ. ಅಪ್ಪನ ಹಿಂದೆ ಸಂತೆ ತಿರುಗಿ ಬೆಳೆದ ಅಜಯ ವಾಡಿಯ ಈ ಮನೆಯಲ್ಲೂ ಅದನ್ನೇ ಮಾಡಿದ್ದ. ಆದರೆ ಎಣ್ಣೆ ಹಚ್ಚಿದ ಹಮೀದಾಬೇಗಂ ಎದುರಿಗೇ ಕುಳಿತಿದ್ದರು.

ಅವರ ಗಂಡ ಬಂದೇಅಲಿ ರೈಲ್ವೆಯ ಲೋಕೋ ಶೆಡ್ಡಿನಲ್ಲಿದ್ದವರು. ವರ್ಗವಾಗಿ ಹೊರಟಿದ್ದ ಗಾರ್ಡ್ ಒಬ್ಬರಿಂದ ಹರೆಯದಲ್ಲಿ ಆ ಗಿಟಾರು ಕೊಂಡಿದ್ದರಂತೆ. ಗಂಡ ತೀರಿಕೊಂಡ ಮೇಲೆ, ಹುಳ ಹಿಡಿಯಬಾರದೆಂದು, ಬಾಗಿಲಿಗೆ ತೊಟ್ಟಿಲಿಗೆ ಹಚ್ಚುವ ಹಾಗೆ ಇದಕ್ಕೂ ಶುಕ್ರವಾರಕ್ಕೊಮ್ಮೆ ಕುಸುಬಿ ಎಣ್ಣೆ ಹಚ್ಚಿ ಒರೆಸುತ್ತ ಬಂದಿದ್ದರು. ಚಹಾ ಕೊಡುವಾಗ ಇದನ್ನೆಲ್ಲ ಅವರೇ ಹಿಗ್ಗಿನಿಂದ ಹೇಳಿದ್ದರು.

ಈಗ ಗಿಟಾರನ್ನು ಎಳೆದು ತೊಡೆಯ ಮೇಲಿಟ್ಟುಕೊಂಡರು. "ಕೊಡೂದಿಲ್ಲ ಬೇಟಾ. ಚಹಾ ಕುಡದು ಹೋಗ್ರಿ."

ಅಜಯ ಅದನ್ನೂ ವ್ಯಾಪಾರವೆಂದೇ ತಿಳಿದು ತಾನು ಮೊದಲು ಹೇಳಿದ್ದ ರೇಟು ಏರಿಸತೊಡಗಿದ. ಬೈಕು ಬಿಸಿಲಲ್ಲಿ ನಿಂತಿದೆ ನೋಡು ಎಂದು ಲುಂಬಿನಿ ಅವನನ್ನು ಹೊರಗೆ ಕಳಿಸಿದಳು. ಅವಳು ಚಿತ್ತಾಪುರದಲ್ಲಿ ಶಾಲಾ ಟೀಚರು. ಹುಡುಗಿಯರನ್ನು ವರ್ಷಕ್ಕೊಮ್ಮೆ ಚಿಂಚೋಳಿಯ ಕಾಡಿಗೆ ಕರೆದೊಯ್ದು ಡೇರೆ ಹಾಕಿಸುತ್ತಾಳೆ. ಹೋದ ವರ್ಷ ಒಯ್ದ ಹೊಸ ಗಿಟಾರು ಇಬ್ಬನಿಗೆ ಅಂಟು ಬಿಟ್ಟು ಬೆನ್ನು ಬಿಚ್ಚಿಕೊಂಡಿತ್ತು. ಉಳಿದ ದಿನಗಳಲ್ಲಿ ಯಾರೂ ಹಾಡಲಿಲ್ಲ. ಅಂಥದ್ದೇ ಇನ್ನೊಂದು ಕೊಳ್ಳುವ ತ್ರಾಣ ಅವಳಿಗಿರಲಿಲ್ಲ. ಸೋವಿಯದು, ಗಟ್ಟಿಯಾದ ಹಳೆಯದು ಬೇಕೆಂದು ಶಹಾಬಾದ, ಸೇಡಂ ಎಲ್ಲ ಕಡೆ ಕೇಳಿ ಇಲ್ಲಿಗೆ ಬಂದಿದ್ದಳು. ಶಿಬಿರ ನಾಡಿದ್ದೇ ಇತ್ತು.

"ಖರೆ ಹೇಳು ಬೇಟಿ," ಹಮೀದಾಬೇಗಂ ಕೇಳಿದರು. "ನಾನೇ ಕೆಡಿಸಿದ್ನೇನು?"

ಲುಂಬಿನಿ ಗಿಟಾರು ಇಸಿದುಕೊಂಡು ತಂತಿ ಬಿಗಿದಳು. ಬಾರಿಸಿದಾಗ ದನಿ ಕಂಬಳಿಯೊಳಗಿಂದ ಬಂದ ಹಾಗೆ ಬಂತು. ಇನ್ನೊಮ್ಮೆ ಬಾರಿಸಿದಳು. ಇಲ್ಲ, ಕೆಟ್ಟಿಲ್ಲ ಅನ್ನುವುದು ಸುಲಭವಿತ್ತು.

"ದನಿ ಕಮ್ಮಿ ಆಗ್ಯಾದ್ರಿ ಚಾಚಿ. ಎಣ್ಣಿಯಿಂದೇ."

ಮುದುಕಿ ತಲೆಯಾಡಿಸಿದರು, ನೆಲ ನೋಡುತ್ತ.

ಲುಂಬಿನಿ ನೀರಿನ ಲೋಟದಲ್ಲಿ ಕೈ ಅದ್ದಿ ಗಿಟಾರಿನ ಬೆನ್ನ ಮೇಲೆ ಕೊಡವಿದಳು. ವರ್ಷಗಟ್ಟಲೆ ಹಚ್ಚಿದ ಎಣ್ಣೆ ಒಣಗಿ ಗಾಜಿನ ಹಾಗೆ ಗಟ್ಟಿಯಾಗಿತ್ತು. ಹನಿಗಳು ಗುಂಡಗೆ ನಿಂತು, ಓರೆ ಮಾಡಿದಾಗ ಜಾರಿಹೋದವು.

"ಹ್ವಾದ ವರ್ಷದ್ದು ಇಷ್ಟಕ್ಕೇ ಬಿಚ್ಕೊಂಡಿತ್ರಿ. ಇದು ಅಡವ್ಯಾಗ ಬಾಳ್ತದ. ದನಿಗೇನು, ನಮ್ಮ ಹುಡುಗೇರು ಅದಾರ. ಅವ್ರು ಹಾಡೂದು ಕೇಳಿದ್ರ ನೀವೇ ಕಿವಿ ಮುಚ್ಕೋತೀರಿ."

"ಎಲ್ಲಾರೂ ಮುಟ್ತಾರೇನು ಇದಕ್ಕ?"

"ಮುಟ್ತಾರ್ರಿ. ಬೀಳಸ್ತಾರೂ."

ಹಮೀದಾಬೇಗಂ ಗಿಟಾರಿನ ಬೆನ್ನ ಮೇಲೆ ಉಳಿದ ಹನಿಯನ್ನು ಸೆರಗಿನಿಂದ ಒರೆಸಿದರು. "ಬೀಳಸ್ಲಿ," ಅಂದರು. ರೊಕ್ಕ ಅಜಯ ಮೊದಲು ಹೇಳಿದ್ದಷ್ಟನ್ನೇ ತೆಗೆದುಕೊಂಡರು.

ಹೊರಗೆ ಅಜಯ ಗಿಟಾರನ್ನು ತೊಗರಿ ಚೀಲದ ಹಾಗೆ ಬೈಕಿನ ಹಿಂದೆ ಹಗ್ಗದಿಂದ ಬಿಗಿದ. ಹಮೀದಾಬೇಗಂ ಬರಿಗಾಲಲ್ಲೇ ಇಳಿದು ಬಂದು ಗಂಟು ಬಿಚ್ಚಿದರು. ಲುಂಬಿನಿಯನ್ನು ಕೂಡಿಸಿ ಅದನ್ನು ಮಡಿಲಿಗಿಟ್ಟು, ಅವಳ ತೋಳನ್ನು ಗಿಟಾರಿನ ಕತ್ತಿನ ಸುತ್ತ ಸರಿಮಾಡಿದರು. "ಹಿಂಗ ಹಿಡಿ."

ಬೀದಿಯ ತುದಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಬೈಕು ಅಲ್ಲಿ ನಿಂತಿತು. ಸಿಮೆಂಟಿನ ಗೂಡ್ಸ್ ಗಾಡಿ ಮುಗಿಯದ ಹಾಗೆ ದಾಟುತ್ತಿತ್ತು. ಮನೆಯ ಮುಂದೆ ಹಮೀದಾಬೇಗಂ ಬಿಚ್ಚಿದ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳುತ್ತ, ಗೇಟು ಏಳುವ ತನಕ ಬಿಸಿಲಲ್ಲೇ ನಿಂತರು.