ಕಾರಿನ ಕಪ್ಪು ಹೊಗೆ, ಹೆಂಡತಿಯ ತಲೆನೋವು

ಒಬ್ಬ ಟ್ಯಾಕ್ಸಿ ಚಾಲಕನಿಗೆ ತನ್ನ ಹಳೆಯ ಪೆಟ್ರೋಲ್ ಕಾರೆಂದರೆ ಪ್ರಾಣ. ಬೆಳಗ್ಗೆ ಎದ್ದವನೇ ಶೆಡ್ಡಿನಲ್ಲಿ ಅದನ್ನು ಚಾಲೂ ಮಾಡಿ, ಬಿಸಿಯಾಗಲಿ ಎಂದು ಬಿಟ್ಟು ಸ್ನಾನಕ್ಕೆ ಹೋಗುತ್ತಿದ್ದ. ಸದ್ದಿಗೆ ಅಕ್ಕಪಕ್ಕದವರ ನಿದ್ದೆ ಕೆಡದಿರಲಿ ಎಂದು ಶಟರ್ ಎಳೆದಿರುತ್ತಿದ್ದ, ಅಷ್ಟು ಒಳ್ಳೆಯ ಮನುಷ್ಯ. ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ ಅವನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಪಾಪ, ಈಚೆಗೆ ಅವಳಿಗೆ ದಿನಾ ತಲೆನೋವು, ವಾಕರಿಕೆ. ತವರಿಗೆ ಹೋದರೆ ಎಲ್ಲ ಮಾಯ.

"ತವರಿಗೆ ಹೋಗೋಕೆ ಒಳ್ಳೆ ನೆಪ," ಎಂದು ಅವನು ನಗುತ್ತಿದ್ದ. ತಲೆನೋವಿಗಿಂತ ಆ ನಗುವೇ ಅವಳನ್ನು ಹೆಚ್ಚು ನೋಯಿಸುತ್ತಿತ್ತು.

ಅವನ ತಂಗಿಗೆ ವಾಹನಗಳ ಹೊಗೆ ತಪಾಸಣೆಯ ಕೆಲಸ. ನಾಲ್ಕು ದಿನ ಇದ್ದು ಹೋಗಲು ಬಂದವಳು, ಬೆಳಗ್ಗೆ ಆ ಕೋಣೆಗೆ ಕಾಲಿಟ್ಟೊಡನೆ ಅತ್ತಿಗೆಯನ್ನು ಕೈಹಿಡಿದು ಹೊರಗೆ ಕರೆತಂದಳು. ಶಟರ್ ಎತ್ತಿ ಇಂಜಿನ್ ನಿಲ್ಲಿಸಿದಳು.

"ಅಣ್ಣಾ, ಕಪ್ಪು ಹೊಗೆ ಬರ್ತಿದೆ, ಪೆಟ್ರೋಲ್ ವಾಸನೆ ಬೇರೆ. ಇಂಜಿನ್‌ಗೆ ಗಾಳಿ ಸಾಲ್ತಿಲ್ಲ, ಪೆಟ್ರೋಲ್ ಜಾಸ್ತಿ ಆಗ್ತಿದೆ ಅನ್ಸುತ್ತೆ."

"ಹೊಟ್ಟೆ ತುಂಬಾ ಕುಡಿದ್ರೆ ತಾನೆ ದಮ್ಮು? ನನಗೇ ಕಾರಿನ ಪಾಠ ಹೇಳ್ತೀಯಾ?"

"ನನ್ನ ಮಾತು ಬಿಡು. ಇಂಜಿನ್ ಆರಿದ ಮೇಲೆ ನೀನೇ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡು. ತುದಿ ತಿಳಿ ಕಂದು ಬಣ್ಣ ಇದ್ರೆ ಪೆಟ್ರೋಲ್ ಸರಿಯಾಗಿ ಉರೀತಿದೆ ಅಂತ, ನಾನು ಬಾಯಿ ಮುಚ್ಕೋತೀನಿ."

ಇಂಜಿನ್ ಆರಿದ ಮೇಲೆ ಅವನು ಬಿಚ್ಚಿ ನೋಡಿದರೆ ಪ್ಲಗ್ಗಿನ ತುಂಬ ಒಣ ಮಸಿ. ಬೆರಳಿಗೆಲ್ಲ ಮೆತ್ತಿಕೊಂಡಿತು. ತಂಗಿ ಏರ್ ಫಿಲ್ಟರಿನ ಡಬ್ಬಿಯನ್ನೂ ತೆರೆಸಿದಳು. ಫಿಲ್ಟರಿನ ಸುತ್ತ ದಪ್ಪ ಬಟ್ಟೆಯ ಗವಸು, ಅಚ್ಚುಕಟ್ಟಾಗಿ ಅಂಚು ಹೊಲಿದದ್ದು.

"ಧೂಳು ಹೋಗ್ದೆ ಇರ್ಲಿ ಅಂತ ಇವರು ಕೇಳಿದ್ರು, ನಾನೇ ಹೊಲಿದುಕೊಟ್ಟೆ," ಎಂದಳು ಹೆಂಡತಿ ಮೆಲ್ಲಗೆ.

"ನಿಮ್ಮ ಹೊಲಿಗೆಗೆ ಹೆಸರಿಡೋ ಹಾಗಿಲ್ಲ ಅತ್ತಿಗೆ. ಆದ್ರೆ ಇದು ಇಂಜಿನ್ ಮೂಗೇ ಮುಚ್ಚಿಬಿಟ್ಟಿದೆ. ಪೆಟ್ರೋಲ್ ಅರ್ಧಂಬರ್ಧ ಉರಿದ್ರೆ ವಿಷಗಾಳಿ ಜಾಸ್ತಿ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಜಾಗದಲ್ಲಿ ಜೀವಾನೇ ತೆಗೆಯುತ್ತೆ. ಶೆಡ್ಡಿಂದ ನಿಮ್ಮ ಕೋಣೆಗೂ ನುಗ್ಗಿದೆ, ನಿಮ್ಮ ತಲೆನೋವಿಗೆ ಅದೇ ಕಾರಣ ಇರ್ಬೇಕು. ಕಾರು ಸರಿಯಿದ್ರೂ ಒಳಗೆ ಚಾಲೂ ಇಡಬಾರದು."

ಅವನು ಹೆಂಡತಿಯ ಕಡೆ ತಿರುಗಿದ. "ಕಾರು ಸ್ವಲ್ಪ ಕೆಮ್ಮಿದ್ರೂ ಓಡಿ ಬರ್ತಿದ್ದೆ ಕಣೇ. ನಿನ್ನ ಮಾತು ಕಿವಿಗೇ ಹಾಕ್ಕೊಳ್ಳಲಿಲ್ಲ," ಎಂದ.

ಅಂದು ಮೊದಲು ಹೆಂಡತಿ ಆಸ್ಪತ್ರೆಗೆ ಹೋದಳು, ಕಾರು ಆಮೇಲೆ ಗ್ಯಾರೇಜಿಗೆ ಹೋಯಿತು.

ನಿಮ್ಮ ಕಾರೂ ಕಪ್ಪು ಹೊಗೆ ಬಿಡುತ್ತಿದೆಯೇ? ಮೊದಲಿಗಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತಿದೆಯೇ? ಪ್ಲಗ್ಗು, ಏರ್ ಫಿಲ್ಟರ್ ಇಂದೇ ಮೆಕ್ಯಾನಿಕ್‌ಗೆ ತೋರಿಸಿ. ಬಾಗಿಲು ಮುಚ್ಚಿ ಇಂಜಿನ್ ಓಡಿಸಲೇಬೇಡಿ. ಮನೆಯವರು ತಲೆನೋವು ಎಂದರೆ ನಗಬೇಡಿ. ಹೇಳಲು ಅವರು ಇರುವಾಗಲೇ ನಂಬಿ.